ಅಲ್ಲದ ಚಾ

ನಮ್ಮ ಮನೆಗೂ ಬಾಜೂ ಮಾಸ್ತರ ಮನೆಗೂ ನಡುವೆ ಕಾಂಪೌಂಡ್ ಗೋಡೆ ಇಲ್ಲ. ಮೂರೆಳೆ ತಂತಿ, ಅದರ ಗುಂಟ ದಾಸವಾಳದ ಗಿಡ, ಒಂದು ಕಡೆ ತಂತಿ ಜೋತುಬಿದ್ದು ಆದ ಕಿಂಡಿ. ಹಾನಗಲ್ಲಿನ ಅರ್ಧ ಸುದ್ದಿ ಆ ಕಿಂಡಿಯಲ್ಲೇ ದಾಟುತ್ತದೆ. ದಿನಾ ಸಂಜೆ ನಾಲ್ಕೂವರೆಗೆ ಮಾಸ್ತರ ಹೆಂಡತಿ, ನಮ್ಮ ವೈನಿ, ಮಾಡಿದ ಚಾ ಕೂಡ. ಒಂದು ಸ್ಟೀಲ್ ಲೋಟ, ಮೇಲೆ ಮುಚ್ಚಿದ ಬಸಿ. ನಾನು ಬಸಿ ತೆಗೆದು, "ಛಲೋ ಆಗೈತ್ರಿ ವೈನಿ" ಅನ್ನುತ್ತೇನೆ. ಹನ್ನೊಂದು ವರ್ಷವಾಯಿತು, ಈ ಮಾತು ಒಂದು ದಿನವೂ ತಪ್ಪಿಲ್ಲ. ಚಾ ಹೆಂಗಿತ್ತು ಎಂದು ಯಾರಾದರೂ ಆಮೇಲೆ ಕೇಳಿದ್ದರೆ ಮಾತ್ರ ನನಗೆ ಹೇಳಲು ಬರುತ್ತಿರಲಿಲ್ಲ.

ವೈನಿಯದು ಯಾವಾಗಲೂ ಅಲ್ಲದ ಚಾ. ಹಿಂದಿನ ಓಣಿಗೆ ಮೈಸೂರು ಕಡೆಯಿಂದ ವರ್ಗವಾಗಿ ಬಂದ ಹುಡುಗಿಯೊಬ್ಬಳು ಬಾಡಿಗೆಗಿದ್ದಳು. ಮೊದಲನೇ ದಿನವೇ ವೈನಿ ಬೇಲಿಯಿಂದ ಕೂಗಿ ಕೇಳಿದರು: "ಅಲ್ಲದ ಚಾ ಕುಡೀತೀರೇನವಾ?"

"ಏನಲ್ಲದ ಚಾ ಆಂಟಿ?"

"ಅಲ್ಲದ್ದರೀ."

"ಅದೇ, ಏನು ಅಲ್ಲ?"

ಹಸಿ ಶುಂಠಿಗೆ ನಮ್ಮ ಕಡೆ ಅಲ್ಲ ಅನ್ನುತ್ತಾರೆಂದು ಆ ಹುಡುಗಿಗೆ ತಿಳಿಸಲು ಕೊನೆಗೆ ಮಾಸ್ತರು ಒಂದು ಬೇರು ಕಿತ್ತು ತಂದು ತೋರಿಸಬೇಕಾಯಿತು. ಹಾನಗಲ್ ಸೀಮೆಯಲ್ಲಿ ಅಲ್ಲಕ್ಕೇನು ಬರ? ಭತ್ತದ ಗದ್ದೆ ಬಿಟ್ಟು ಶುಂಠಿ ಹಾಕಿದವರು ಎಷ್ಟು ಜನ. ರೇಟು ಏರಿದ ವರ್ಷ ಮನೆ ಕಟ್ಟುತ್ತಾರೆ, ಇಳಿದ ವರ್ಷ ಬೇಲಿಗೆ ಬಂದು ನಿಂತು ಅಳುತ್ತಾರೆ. ಆದರೆ ಆ ಹುಡುಗಿ ಅಂದು ಕೇಳಿದ ಪ್ರಶ್ನೆ, ಈಗ ನೆನೆದರೆ, ಬಹಳ ಖರೇ ಪ್ರಶ್ನೆ. ಮೊನ್ನೆ ನಮ್ಮ ಮನೆಯಲ್ಲಿ ನಡೆದ ಗದ್ದಲವೆಲ್ಲ ಅದೇ ಪ್ರಶ್ನೆಯದು: ಯಾವುದು ಚಾ, ಯಾವುದು ಅಲ್ಲದ ಚಾ.

ಆದದ್ದು ಹೀಗೆ. ಮಗಳ ಕುಬುಸ ಇತ್ತು. ನಾಲ್ಕು ದಿನ ಮೊದಲೇ ಶಿಗ್ಗಾಂವಿಯಿಂದ ನಮ್ಮಕ್ಕ ಬಂದಳು, ಸವಣೂರಿನಿಂದ ಚಿಗವ್ವ ಬಂದಳು, ಹಿರೇಕೆರೂರಿನಿಂದ ಬೀಗತಿ ಬಂದರು. ಬೆಂಗಳೂರಿನಲ್ಲಿರುವ ಅಣ್ಣನ ಮಗ ಮಾತ್ರ ರಜೆ ಸಿಗಲಿಲ್ಲವೆಂದು ತಾನು ಬರುವ ಬದಲು ಒಂದು ಡಬ್ಬಿ ಕಳಿಸಿದ. ಡಬ್ಬಿಯೆಂದರೆ ಡಬ್ಬಿಯೇ, ಒಡವೆ ಪೆಟ್ಟಿಗೆಯಂತೆ ಮುಚ್ಚಳ, ಒಳಗೆ ಹನ್ನೆರಡು ಗೂಡು, ಗೂಡಿಗೊಂದು ಬಣ್ಣದ ಕಾಗದದಲ್ಲಿ ಚಾದ ಪುಟ್ಟ ಚೀಲಗಳು. "ಅತ್ತೀ, ಎಲ್ಲಾ ಫ್ಲೇವರ್ ಟೀ. ಕುಡಿದು ಯಾವುದು ಬೆಸ್ಟ್ ಹೇಳ್ರಿ" ಎಂದು ಫೋನಿನಲ್ಲಿ ಅಂದ. ಬೆಂಗಳೂರಿಗೆ ಹೋದ ಮೇಲೆ ಅವನ ಬಾಯಲ್ಲಿ ಚಾ ಹೋಗಿ ಟೀ ಆಗಿದೆ. ಮಾಸ್ತರು ಅದಕ್ಕೂ ಒಂದು ಪಾಠ ಹೇಳಿದರು. ಎರಡೂ ಚೀನಾದವೇ ಮಾತು. ಅಲ್ಲಿಯ ಬಹುಪಾಲು ಜನ ಚಾ ಎಂದರೆ, ಫೂಜಿಯನ್ ಕರಾವಳಿಯವರು ತೆ ಎಂದರು. ಆ ಕರಾವಳಿಯಿಂದ ಡಚ್ಚರು ಹಡಗಿನಲ್ಲಿ ತೆಗೆದುಕೊಂಡು ಹೋದ ತೆ ಯುರೋಪಿನಲ್ಲಿ ಟೀ ಆಯಿತು. "ಅಂದ್ರ ನಾವು ಅನ್ನೋದು ಹಳ್ಳಿ ಮಾತಲ್ಲ" ಎಂದು ಅಕ್ಕ ಸಮಾಧಾನಪಟ್ಟಳು.

ಡಬ್ಬಿಯ ಮೇಲಿನ ಹೆಸರುಗಳನ್ನು ಓದುವ ಕೆಲಸ ಮಾಸ್ತರದಾಯಿತು. ವಿಜ್ಞಾನದ ಮಾಸ್ತರು, ನಿವೃತ್ತರಾಗಿ ಆರು ವರ್ಷ. ಓದಿಸುವ ಚಟ ಹೋಗಿಲ್ಲ, ಓದುವ ಹುಡುಗರಿಲ್ಲ. ಹಿತ್ತಲ ಕಟ್ಟೆಯ ಮೇಲೆ ನಾವು ಐದು ಹೆಂಗಸರು ಸಾಲಾಗಿ ಕೂತದ್ದು ನೋಡಿ ಅವರಿಗೆ ಹಳೆಯ ಕ್ಲಾಸೇ ಕಂಡಿರಬೇಕು.

"ಇದು ಹೈಬಿಸ್ಕಸ್ ಟೀ" ಎಂದು ಕೆಂಪು ಚೀಲ ಎತ್ತಿದರು.

"ಅಂದ್ರ?"

"ದಾಸವಾಳದ ಜಾತಿದು. ಸರಿಯಾಗಿ ಹೇಳಬೇಕಂದ್ರ ನಮ್ಮ ಪುಂಡಿಪಲ್ಲೆದ ಸಂಬಂಧಿ. ಅದರ ಕಾಯಿ ಸುತ್ತ ಕೆಂಪು ದಪ್ಪ ಎಸಳ ಇರ್ತಾವಲ್ಲ, ಅವನ್ನ ಒಣಗಿಸಿದ್ದು."

ಚಿಗವ್ವ ಎಲೆ ಅಗಿಯುವುದನ್ನು ನಿಲ್ಲಿಸಿದಳು. "ಪುಂಡಿಪಲ್ಲೆ ಕುದಿಸಿ ಕುಡಿಯಾಕ ಬೆಂಗಳೂರಿಂದ ಪಾರ್ಸಲ್ ತರಸ್ಯೀರಿ?"

ಮುಂದಿನದು ಕ್ಯಾಮೊಮೈಲ್. ಅದು ಸೇವಂತಿಗೆಯ ಕುಟುಂಬದ ಹೂವೆಂದು ತಿಳಿಯಿತು. ಇನ್ನೊಂದು ನಿಂಬೆಹುಲ್ಲು. ಅದು ನಮ್ಮ ಬಚ್ಚಲ ನೀರು ಹರಿಯುವಲ್ಲಿ ಮೊಣಕಾಲೆತ್ತರ ಬೆಳೆದು ನಿಂತಿದೆ, ಆಕಳೂ ಮುಟ್ಟುವುದಿಲ್ಲ. ಇನ್ನೊಂದು ಪುದೀನಾ. ಬೀಗತಿ ಅಷ್ಟು ಹೊತ್ತೂ ಸುಮ್ಮನಿದ್ದವರು ಕೇಳಿದರು: "ಹಂಗಾದ್ರ ಇದರಾಗ ಚಾಪುಡಿ ಎಲ್ಲೈತ್ರಿ?"

ಪ್ರಶ್ನೆ ಸರಿಯಾಗಿತ್ತು. ಚಾ ಎಂಬ ಗಿಡ ಒಂದೇ. ಅದಕ್ಕೆ ಕ್ಯಾಮೆಲಿಯಾ ಸೈನೆನ್ಸಿಸ್ ಎಂದು ಹೆಸರು. ಎಲೆ ಕಿತ್ತ ಕೂಡಲೇ ಶಾಖ ಕೊಟ್ಟು ಒಣಗಿಸಿದರೆ ಹಸಿರು ಚಾ, ಹಿಚುಕಿ ಗಾಳಿಗೆ ಬಿಟ್ಟು ಕಂದಾಗಿಸಿದರೆ ಕಪ್ಪು ಚಾ, ಅರ್ಧಕ್ಕೆ ನಿಲ್ಲಿಸಿದರೆ ಊಲಾಂಗ್. ನಮ್ಮ ಮನೆಗಳಲ್ಲಿರುವ ರಾಗಿ ಕಾಳಿನಂಥ ಚಾಪುಡಿ ಇದೇ ಕಪ್ಪು ಚಾ. ಎಲೆಯನ್ನು ಹಲ್ಲಿನ ಉರುಳೆಗಳ ನಡುವೆ ಅರೆದು, ಹರಿದು, ಸುತ್ತುವ ಆ ಯಂತ್ರ 1930ರ ಸುಮಾರಿಗೆ ಅಸ್ಸಾಮಿನಲ್ಲಿ ಹುಟ್ಟಿತು. ಎಲೆ ನುರಿಯಾದಷ್ಟೂ ಬಣ್ಣ ಬೇಗ ಬಿಡುತ್ತದೆ, ಹಾಲು ಹೊಯ್ದರೂ ಎದ್ದು ನಿಲ್ಲುತ್ತದೆ. ನಮಗೆ ಬೇಕಾದ ಖಡಕ್ ಅದೇ. "ನಮ್ಮ ಸೀಮ್ಯಾಗ ಯಾರೂ ಬೆಳ್ಯಾಂಗಿಲ್ಲೇನ್ರಿ?" ಎಂದು ಅಕ್ಕ ಕೇಳಿದಳು. ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನಲ್ಲಿ ಚಾ ತೋಟವಿದೆ, ಕೊಡಗಿನಲ್ಲೂ ಇದೆ. ಕಾಫಿಯ ನೆರಳಲ್ಲಿ ಅದರ ಹೆಸರು ಅಷ್ಟು ಹೊರಗೆ ಬಂದಿಲ್ಲ, ಅಷ್ಟೇ.

ಹನ್ನೆರಡು ಗೂಡಿನಲ್ಲಿ ಐದು ಚಾ, ಏಳು ಅಲ್ಲದ ಚಾ ಎಂದು ಲೆಕ್ಕವಾಯಿತು. ಮೈಸೂರಿನ ಹುಡುಗಿ ಇದ್ದಿದ್ದರೆ ಅವಳಿಗೆ ಕೂಗಿ ಹೇಳುತ್ತಿದ್ದೆ.

ರುಚಿ ನೋಡಿ ಮಾರ್ಕು ಹಾಕುವುದೆಂದು ಠರಾವಾಯಿತು. ಹತ್ತಕ್ಕೆ ಎಷ್ಟು ಎಂದು ಪ್ರತಿಯೊಬ್ಬರೂ ಹೇಳುವುದು, ಮಾಸ್ತರು ಬರೆದುಕೊಳ್ಳುವುದು. ಅಷ್ಟರಲ್ಲಿ ಅವರು ನಿಯಮ ತಂದರು. ಜಗತ್ತಿನಲ್ಲಿ ಚಾ ರುಚಿ ನೋಡಲಿಕ್ಕೆ ಒಂದು ಕಾಯಿದೆ ಇದೆಯಂತೆ, ಐ.ಎಸ್.ಓ. 3103 ಎಂದು ಅದಕ್ಕೆ ನಂಬರು, 1980ರಲ್ಲಿ ಬಂದದ್ದು. ನೂರು ಮಿಲಿಲೀಟರ್ ನೀರಿಗೆ ಎರಡು ಗ್ರಾಂ ಪುಡಿ, ಬಿಳಿ ಪಿಂಗಾಣಿ ಪಾತ್ರೆ, ಆರು ನಿಮಿಷ. ಇಂಥದ್ದೇ ಬ್ರಿಟಿಷ್ ಕಾಯಿದೆ ಆರು ಪುಟದ್ದು. ಅಷ್ಟು ಗಂಭೀರವಾಗಿ ಚಾ ಮಾಡುವುದನ್ನು ಬರೆದದ್ದಕ್ಕೆ 1999ರಲ್ಲಿ ಅದಕ್ಕೆ ಇಗ್ ನೊಬೆಲ್ ಎಂಬ ನಗೆಯ ಬಹುಮಾನ ಕೊಟ್ಟರಂತೆ, ಅದೂ ಸಾಹಿತ್ಯಕ್ಕೆ! ಕನ್ನಡದಲ್ಲಿ ಅಡುಗೆ ಪುಸ್ತಕ ಬರೆದವರಿಗೆ ಯಾರೂ ಸಾಹಿತ್ಯದ ಬಹುಮಾನ ಕೊಟ್ಟದ್ದು ನಾನು ಕೇಳಿಲ್ಲ.

"ಆರು ನಿಮಿಷ ಇಟ್ರ ಒಗರಾಗಂಗಿಲ್ಲೇನ್ರಿ?" ಎಂದರು ವೈನಿ.

"ಆಗಲಿ ಬಿಡು. ಒಳ್ಳೇ ಚಾ ಮಾಡೋದು ಹೆಂಗ ಅಂತ ಅದು ಹೇಳಂಗಿಲ್ಲ. ಎರಡು ಚಾದಾಗ ಫರಕ್ ಹುಡುಕೋದು ಹೆಂಗ ಅಂತ ಹೇಳ್ತದ."

"ಫರಕ್ ಹುಡಕಾಕ ಕೆಟ್ಟ ಚಾ ಯಾಕ ಕುಡೀಬೇಕು" ಎಂದು ಚಿಗವ್ವ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

ಈ ನಮ್ಮ ಚಿಗವ್ವನ ಬಗ್ಗೆ ಒಂದು ಮಾತು. ವಯಸ್ಸು ಕೇಳಿದರೆ ಸವಣೂರಿನ ದೊಡ್ಡ ಹುಣಸಿ ಮರ ಕೇಳು ಅನ್ನುತ್ತಾಳೆ. ಎಲ್ಲಿಗೆ ಹೊರಟರೂ ಎರಡು ಗಂಟು ಬಿಡುವುದಿಲ್ಲ, ಒಂದರಲ್ಲಿ ಸವಣೂರಿನ ಎಲೆ, ಇನ್ನೊಂದರಲ್ಲಿ ಸವಣೂರಿನ ಖಾರ. ಚಾವನ್ನು ಬಸಿಗೆ ಹೊಯ್ದು ಸೊರ್ರ್ ಎಂದು ಎಳೆದು ಕುಡಿಯುತ್ತಾಳೆ. ಮದುವೆ ಮನೆಯಲ್ಲಿ ಈ ಸಪ್ಪಳಕ್ಕೆ ಮಕ್ಕಳು ನಾಚಿಕೆಪಡುತ್ತಾರೆ. ನನ್ನ ಮಗಳೂ, "ಅಮ್ಮಮ್ಮಾ, ಸಾವಕಾಶ" ಅಂದಳು. ಆಗ ಮಾಸ್ತರು ಕೈ ಎತ್ತಿದರು. ಹರಾಜು ಕಟ್ಟೆಯಲ್ಲಿ ಚಾ ಬೆಲೆ ಕಟ್ಟುವವರು ಸಂಬಳ ತೆಗೆದುಕೊಂಡು ಮಾಡುವ ಕೆಲಸವೇ ಇದು. ಚಮಚದಿಂದ ಜೋರಾಗಿ ಎಳೆದಾಗ ಚಾ ತುಂತುರಾಗಿ ಬಾಯಿ ತುಂಬ ಹರಡುತ್ತದೆ, ಅದರ ವಾಸನೆ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ. ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಕಹಿ ಇಂಥ ನಾಲ್ಕಾರು ಮಾತ್ರ, ಉಳಿದದ್ದೆಲ್ಲ ಮೂಗಿನ ಕೆಲಸ. ಬಸಿಗೆ ಹೊಯ್ದು ಆರಿಸುವುದೂ ಸರಿ, ಸುಡುವ ಚಾದಲ್ಲಿ ರುಚಿ ತಿಳಿಯುವುದಿಲ್ಲ. ಆಮೇಲೆ ಅವರು ಅದನ್ನು ಪೀಕದಾನಿಗೆ ಉಗುಳುತ್ತಾರೆ.

"ಉಗಳೋದು ನನಗ ಕಲಸಬ್ಯಾಡ್ರಿ" ಎಂದಳು ಚಿಗವ್ವ, ಎಲೆಯ ಗಂಟು ಕಟ್ಟುತ್ತ.

ಮೊದಲ ಸುತ್ತು ಆರಂಭವಾಯಿತು. ಹೈಬಿಸ್ಕಸ್ ಬಣ್ಣ ನೋಡಿ ಎಲ್ಲರೂ ಆಹಾ ಎಂದರು, ಕುಂಕುಮದ ನೀರಿನ ಹಾಗೆ. ಕುಡಿದರೆ ಹುಣಸೆ ಹುಳಿ. ಅಕ್ಕ ಶಿಗ್ಗಾಂವಿಯವಳು, ಹೈವೇ ಬದಿಯ ಮನೆ. ಪುಣೆ–ಬೆಂಗಳೂರು ಲಾರಿಗಳಿಗೆ ಹಗಲು ರಾತ್ರಿ ಕುದಿಯುವ ಚಾ ಕುಡಿದು ಬೆಳೆದ ನಾಲಿಗೆ. ಹಾಲಿಲ್ಲದ್ದು ಚಾ ಎಂದು ಅವಳು ಒಪ್ಪುವುದೇ ಇಲ್ಲ. ಯಾರೂ ನೋಡದಾಗ ತನ್ನ ಕಪ್ಪಿಗೆ ಹಾಲು ಹೊಯ್ದುಕೊಂಡಳು. ಹುಳಿಗೆ ಹಾಲು ಒಡೆದು, ಕೆಂಪು ಹೋಗಿ ಸೀರೆ ತೊಳೆದ ನೀರಿನ ಬಣ್ಣ ಬಂತು. ಅದನ್ನೂ ಅವಳು ಕುಡಿದಳು, ಪಾರ್ಸಲ್ಲಿಗೆ ರೊಕ್ಕ ಕೊಟ್ಟಿದೆಯಲ್ಲ ಎಂದು. ಹಸಿರು ಚಾ ಬಂದಾಗ ಅವಳೇ ಒಲೆ ಹತ್ತಿರ ಹೋಗಿ ರೂಢಿಯಂತೆ ಹತ್ತು ನಿಮಿಷ ಕುದಿಸಿಬಿಟ್ಟಳು. ಬೇವಿನ ಕಷಾಯ ತಯಾರಾಯಿತು. ಹಸಿರು ಚಾಕ್ಕೆ ಕುದಿವ ನೀರು ಆಗದು. ಕೆಳಗಿಳಿಸಿ ಕುದಿ ಆರಿದ ಮೇಲೆ ಎಲೆ ಹಾಕಿ, ಎರಡು ಮೂರು ನಿಮಿಷಕ್ಕೆ ತೆಗೆದುಬಿಡಬೇಕು. ಎರಡನೆಯ ಸಲ ಹಾಗೆ ಮಾಡಿದಾಗ ಹಸಿ ಹುಲ್ಲಿನ ಹಿತವಾದ ವಾಸನೆ ಬಂತು. ನನಗೆ ಹಿಡಿಸಿತು, ಏಳು ಕೊಟ್ಟೆ. ಉಳಿದವರು ಎರಡರ ಮೇಲೆ ಏರಲಿಲ್ಲ.

ಅರ್ಲ್ ಗ್ರೇ ಎಂಬುದು ಬಂತು. ಕಪ್ಪು ಚಾಕ್ಕೆ ಬರ್ಗಮಾಟ್ ಎಂಬ ಹಣ್ಣಿನ ಸಿಪ್ಪೆಯ ಎಣ್ಣೆ ಹಾಕಿದ್ದು. ಇಟಲಿಯ ಕಾಲಾಬ್ರಿಯಾದಲ್ಲಿ ಬೆಳೆಯುವ, ನಿಂಬೆ ಕಿತ್ತಳೆ ಜಾತಿಯ ಹಣ್ಣು. ಚಿಗವ್ವ ಮೂಸಿ ನೋಡಿ ಬಸಿ ದೂರ ಸರಿಸಿದಳು. "ಇದಕ್ಕ ಅತ್ತರ್ ಹಾಕ್ಯಾರ. ನಮ್ಮೂರಾಗ ನವಾಬರ ಕಾಲಕ್ಕ ಅತ್ತರ್ ಮೈಗೆ ಹಚ್ಚತಿದ್ರು, ಈಗ ಚಾಕ್ಕ ಹಚ್ಚಾಕತ್ತಾರ." ನಾವು ನಕ್ಕೆವು. ಮಾಸ್ತರು ನಗಲಿಲ್ಲ. ಚೀಟಿಯಲ್ಲಿ ಅವಳ ಹೆಸರಿನ ಮುಂದೆ ಏನೋ ಬರೆದುಕೊಂಡು, "ಸುಗಂಧದ ಅಂಗಡಿಯವರೂ ಇದೇ ಎಣ್ಣಿ ಉಪಯೋಗಸ್ತಾರ" ಅಂದರು. ಅಂದಿನಿಂದ ಅವರು ಚಿಗವ್ವನಿಗೆ ಬಹುವಚನ ಹಚ್ಚಿದ್ದಾರೆ.

ಆದರೆ ಬೀಗತಿಯ ತೀರ್ಪೇ ತೀರ್ಪು. ಹಿರೇಕೆರೂರಿನವರು, ಸರ್ವಜ್ಞನ ಸೀಮೆ. ಯಾವುದಕ್ಕೂ ಮೂರು ಸಾಲಿಗಿಂತ ಹೆಚ್ಚು ಖರ್ಚು ಮಾಡುವುದಿಲ್ಲ. ಎಂಟನೆಯ ಕಪ್ಪು ಕೆಳಗಿಟ್ಟು ಅಂದರು: "ಬಣ್ಣ ಐತಿ. ವಾಸನಿ ಐತಿ. ಚಾ ಇಲ್ಲ."

ಆಮೇಲೆ ಯಾರೋ ಖಾರದ ಗಂಟು ಬಿಚ್ಚಿದರು. ಸವಣೂರಿನ ಖಾರ ಎದುರಿಗೆ ಬಂದ ಮೇಲೆ ಕೈ ಕಟ್ಟಿಕೊಂಡು ಕೂತವರನ್ನು ನಾನು ಕಂಡಿಲ್ಲ. ಒಂಬತ್ತನೆಯ ಚಾದಿಂದ ಮುಂದೆ ಎಲ್ಲದಕ್ಕೂ ಎಂಟು, ಒಂಬತ್ತು ಬೀಳತೊಡಗಿತು. ಕ್ಯಾಮೊಮೈಲ್‌ಗೆ ಒಂಬತ್ತೂವರೆ! ಮಾಸ್ತರಿಗೆ ಅನುಮಾನ ಬಂದು ತಿರುಗಿ ನೋಡಿದರೆ ತಟ್ಟೆ ಖಾಲಿ. ಮೆಣಸಿನಕಾಯಿಯ ಉರಿ ನಾಲಿಗೆಗೆ ಹತ್ತಿದರೆ ಸೂಕ್ಷ್ಮ ವಾಸನೆಗಳು ಸತ್ತುಹೋಗುತ್ತವೆಂದು ಅವರು ಒಂದು ಸುತ್ತಿನ ಮಾರ್ಕೆಲ್ಲ ಹೊಡೆದುಹಾಕಿದರು. ನನಗೆ ಹಾಗನ್ನಿಸುವುದಿಲ್ಲ. ಖಾರದ ಜೊತೆ ಕುಡಿದ ಚಾ ಚಲೋ ಇತ್ತೆಂದರೆ ಇತ್ತು, ಅಷ್ಟೇ. ಬರೀ ಚಾ ಕುಡಿಯುವವರು ಯಾರಿದ್ದಾರೆ? ನಮ್ಮ ಕಡೆ ಚಾ ಎಂದರೆ ಗಿರ್ಮಿಟ್, ಮಿರ್ಚಿ, ಇಲ್ಲ ಒಂದು ಹಿಡಿ ಖಾರ. ಜೊತೆಗಾರರನ್ನು ಹೊರಗೆ ನಿಲ್ಲಿಸಿ ಒಬ್ಬನನ್ನೇ ಒಳಗೆ ಕರೆದು ವಿಚಾರಣೆ ಮಾಡುವುದು ಪೊಲೀಸರ ಪದ್ಧತಿ.

ನೀರಿನ ಜಗಳ ಮರುದಿನ ಬೆಳಿಗ್ಗೆಯದು. ಬೀಗತಿ ಎಲ್ಲಿಗೆ ಹೋದರೂ ತಮ್ಮೂರ ನೀರನ್ನು ಎರಡು ಬಾಟಲಿ ತರುತ್ತಾರೆ, ಬೇರೆ ನೀರಿಗೆ ನೆಗಡಿಯಾಗುತ್ತದಂತೆ. ತಮ್ಮ ಚಾವನ್ನು ಆ ನೀರಿನಲ್ಲೇ ಮಾಡಿಕೊಂಡರು. ನಮ್ಮ ಮನೆಯದು ಬೋರಿನ ನೀರು. ಪುಡಿ ಒಂದೇ, ಹಾಲು ಒಂದೇ, ಮಾಡಿದ ಕೈಯೂ ಒಂದೇ. ಎರಡು ಕಪ್ಪು ಪಕ್ಕಪಕ್ಕ ಇಟ್ಟಾಗ ನಮ್ಮದರ ಮೇಲೆ ತೆಳು ಪೊರೆ, ಬಣ್ಣ ಮಬ್ಬು. ಅವರದು ತಿಳಿಯಾಗಿ, ತಾಮ್ರದ ಕೊಡದಂತೆ ಹೊಳೆಯುತ್ತಿತ್ತು. ಅಕ್ಕ ಮೆಲ್ಲಗೆ, "ನಿನ್ನ ಚಾಪುಡಿ ಹಳೇದೇನ?" ಅಂದಳು. ಬೀಗತಿಯ ಮುಂದೆ! ನನಗೆ ಸಿಟ್ಟು ನೆತ್ತಿಗೇರಿತು.

ಪುಡಿಯ ಮರ್ಯಾದೆ ಉಳಿಸಿದವರು ಮಾಸ್ತರು. ಗಡಸು ನೀರಿನಲ್ಲಿ ಸುಣ್ಣದ ಅಂಶ ಕರಗಿರುತ್ತದೆ. ಅದು ಚಾದ ಒಗರಿನೊಂದಿಗೆ ಕೂಡಿ ಮೇಲೆ ಪೊರೆ ಕಟ್ಟುತ್ತದೆ, ಬಣ್ಣ ಕಂದಿಸುತ್ತದೆ. ಸೋಲಾರ್ ಹಂಡೆಯ ತಳದಲ್ಲಿ ಬಿಳಿ ಚಕ್ಕೆ ಕಟ್ಟಿಸುವುದೂ ಅದೇ ಸುಣ್ಣ. ಆ ಪೊರೆಗೆ ನಾಲ್ಕು ಹನಿ ನಿಂಬೆ ಹಿಂಡಿದರೆ ಮಾಯವಾಗುತ್ತದೆ ಎಂದು ಹಾಲಿಲ್ಲದ ಕಪ್ಪಿನಲ್ಲಿ ಮಾಡಿಯೂ ತೋರಿಸಿದರು. ಕಾಯಿನ್ ಹಾಕಿ ತರುವ ಶುದ್ಧ ನೀರಿನ ಘಟಕದ ನೀರಿನಲ್ಲಿ ಮೂರನೆಯ ಕಪ್ಪು ಮಾಡಿದೆವು. ಪೊರೆ ಇಲ್ಲ, ಆದರೆ ಚಾ ಏಕೋ ಚುರುಕ್ ಎಂದು ಚುಚ್ಚುತ್ತಿತ್ತು. ಸುಣ್ಣ ಹೆಚ್ಚಾದರೂ ಕಷ್ಟ, ಪೂರ್ತಿ ತೆಗೆದರೂ ಕಷ್ಟ. ಹಾನಗಲ್ಲಿನವರಿಗೆ ಧರ್ಮಾ, ಹಿರೇಕೆರೂರಿನವರಿಗೆ ಕುಮುದ್ವತಿ, ಸವಣೂರಿನ ಕಡೆಗೆ ವರದಾ. ಒಂದೇ ಪುಡಿ ನಾಲ್ಕೂರಿಗೆ ಹಂಚಿದರೆ ನಾಲ್ಕು ಚಾ. ಹನ್ನೆರಡು ಫ್ಲೇವರಿನ ಡಬ್ಬಿಯಲ್ಲಿ ನೀರಿನ ಗೂಡು ಮಾತ್ರ ಇರಲಿಲ್ಲ.

"ಹಂಗಂತ ಪುಡಿ ಹೊಸಾದು ಅಂತ ಆಗಂಗಿಲ್ಲ" ಎಂದು ಅಕ್ಕ ನನ್ನ ಕಿವಿಯಲ್ಲಿ ಅಂದಳು.

ಕುಬುಸದ ದಿನ ಚಾದ ಮಾತಿಗೆ ಪುರಸೊತ್ತಾಗಲಿಲ್ಲ. ಆದರೆ ಹೂವು ಉಳಿಯಿತು, ಹಡಗಲಿ ಮಲ್ಲಿಗೆ, ಎರಡು ಮಾರು. ಡಬ್ಬಿಯ ಮಲ್ಲಿಗೆ ಚಾ ನನಗೆ ನೆನಪಾಯಿತು. ಚೀನಾದಲ್ಲಿ ಅದನ್ನು ಮಾಡುವುದು ಎಣ್ಣೆ ಬೆರೆಸಿ ಅಲ್ಲ, ರಾತ್ರಿ ಬಿರಿಯುವ ಮೊಗ್ಗನ್ನು ಒಣ ಚಾ ಎಲೆಯ ಜೊತೆ ಪದರ ಪದರವಾಗಿ ಇಟ್ಟು, ಬೆಳಿಗ್ಗೆ ಹೂ ಜಾಲಿಸಿ ತೆಗೆದು, ಮತ್ತೆ ಹೊಸ ಹೂ ಹಾಕಿ. ಹೀಗೆ ಎಷ್ಟೋ ರಾತ್ರಿ. ಚಾ ಎಲೆಯ ಗುಣವೇ ಅದು, ಪಕ್ಕದಲ್ಲಿದ್ದವರ ವಾಸನೆ ಕುಡಿದುಬಿಡುತ್ತದೆ. ನಾನೂ ಮಲ್ಲಿಗೆಯನ್ನು ತೆಳು ಅರಿವೆಯಲ್ಲಿ ಕಟ್ಟಿ ಚಾಪುಡಿ ಡಬ್ಬಿಯಲ್ಲಿಟ್ಟೆ. ಬೆಳಿಗ್ಗೆ ಮುಚ್ಚಳ ತೆಗೆದರೆ ದೇವಲೋಕ. ಚಾ ಮಾಡಿ ಹಾಲು ಹಾಕಿದರೆ ಮಲ್ಲಿಗೆ ಎಲ್ಲಿಗೋ ಹೋಗಿಬಿಟ್ಟಿತ್ತು. ಒಂದೇ ರಾತ್ರಿಗೆ ಅಷ್ಟೇ ದಕ್ಕುವುದು. ಇನ್ನಷ್ಟು ಹಿಡಿಯಲಿ ಎಂದು ಆ ಗಂಟನ್ನು ಅಲ್ಲೇ ಬಿಟ್ಟು ಮರೆತೆ. ಮೂರನೆಯ ದಿನ ಅರ್ಧ ಕಿಲೋ ಚಾಪುಡಿ ಬೂಸಲು ಹಿಡಿದು ತಿಪ್ಪೆಗೆ ಹೋಯಿತು. ಹಸಿ ಹೂವಿನಲ್ಲಿ ನೀರಿರುತ್ತದೆಂಬ ಸಣ್ಣ ವಿಷಯ ಹೊಳೆದಿರಲಿಲ್ಲ.

ಇತ್ತ ಕಿಂಡಿಯಾಚೆ ಇನ್ನೊಂದು ನಾಟಕ. ವೈನಿ ಮೊದಲಿನಿಂದಲೂ ಒಂದು ಮಾತು ಹೇಳುತ್ತಿದ್ದರು: ಹಾಲನ್ನು ಪುಡಿಯೊಂದಿಗೇ ಕುದಿಸಿದ ಚಾಕ್ಕೂ ಆಮೇಲೆ ಬೇರೆ ಕಾಯಿಸಿ ಹೊಯ್ದ ಚಾಕ್ಕೂ ರುಚಿ ಬೇರೆ, ತಮಗೆ ಒಂದು ಗುಟುಕಿಗೆ ಗೊತ್ತಾಗುತ್ತದೆ. ಮಾಸ್ತರಿಗೆ ಬೇಕಾದದ್ದೇ ಅದು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ, ನಮ್ಮ ಹನುಮನಮಟ್ಟಿಯಂಥದ್ದೇ ಒಂದು ಕೃಷಿ ಸಂಶೋಧನಾ ಕೇಂದ್ರದಲ್ಲಿ, 1920ರ ದಶಕದಲ್ಲಿ ಇದೇ ನಡೆದಿತ್ತಂತೆ. ಮುರಿಯಲ್ ಬ್ರಿಸ್ಟಲ್ ಎಂಬ ಪಾಚಿಗಳನ್ನು ಓದುವ ವಿಜ್ಞಾನಿ, ಕಪ್ಪಿಗೆ ಹಾಲು ಮೊದಲು ಹಾಕಿದ್ದೋ ಚಾ ಮೊದಲು ಹಾಕಿದ್ದೋ ತನಗೆ ತಿಳಿಯುತ್ತದೆಂದು ಹೇಳಿ ಫಿಶರ್ ಎಂಬ ಗಣಿತದವನು ಕೊಟ್ಟ ಚಾ ಬೇಡವೆಂದಳು. ಅವನು ಎಂಟು ಕಪ್ಪು ಇಟ್ಟ, ನಾಲ್ಕು ಹೀಗೆ, ನಾಲ್ಕು ಹಾಗೆ, ಕಲಸಿ. ಎಂಟರಲ್ಲಿ ನಾಲ್ಕನ್ನು ಆರಿಸಲು ಎಪ್ಪತ್ತು ದಾರಿ, ಸರಿಯಾದದ್ದು ಒಂದೇ. ಅವಳು ಎಂಟೂ ಸರಿ ಹೇಳಿದಳೆಂದು ಅಲ್ಲಿದ್ದವರು ಆಮೇಲೆ ನೆನೆದರು. ಫಿಶರ್ ಮಾತ್ರ 1935ರಲ್ಲಿ ಅದರ ಮೇಲೆ ಒಂದು ಅಧ್ಯಾಯವನ್ನೇ ಬರೆದರೂ ಅವಳು ಗೆದ್ದಳೋ ಸೋತಳೋ ಎಂದು ಬರೆಯಲಿಲ್ಲ. ಗಂಡಸರ ಬುದ್ಧಿ.

ವೈನಿಗೂ ಎಂಟು ಕಪ್ಪು ಬಂತು. ಬೇಲಿಯ ಮೇಲೆ ಹಲಗೆ ಅಡ್ಡ ಇಟ್ಟು ಸಾಲಾಗಿ ಜೋಡಿಸಿದರು. ಒಂದು ಕಪ್ಪಿನಲ್ಲಿ ಹಾಲು ಒಡೆದಿತ್ತು. ಮಾಸ್ತರು ಅಲ್ಲವನ್ನು ಜಜ್ಜಿ ಕೊನೆಗೆ ಹಾಲಿನೊಳಗೆ ಹಾಕಿಬಿಟ್ಟಿದ್ದರು. ಹಸಿ ಅಲ್ಲದಲ್ಲಿ ಹಾಲು ಒಡೆಸುವ ಒಂದು ಕಿಣ್ವವಿದೆ, ಮೊದಲು ನೀರಿನಲ್ಲಿ ಕುದಿಸಿದರೆ ಅದು ಸಾಯುತ್ತದೆ. ಈ ಸಲ ಪಾಠ ಹೇಳಿದವರು ವೈನಿ. ಕಿಣ್ವ ಎಂಬ ಶಬ್ದ ಬಿಟ್ಟು ಉಳಿದದ್ದೆಲ್ಲ ಅವರಿಗೆ ಗೊತ್ತಿತ್ತು. ಆ ಕಪ್ಪು ಬದಲಾಯಿಸಿದ ಮೇಲೆ ಎಂಟೂ ಕುಡಿದರು, ನಾಲ್ಕನ್ನು ಬೇರೆ ಇಟ್ಟರು. ಮೂರು ಸರಿ, ಒಂದು ತಪ್ಪು.

"ನಾಲ್ಕರಾಗ ಮೂರು! ಪಾಸ್" ಎಂದಳು ಅಕ್ಕ.

ಮಾಸ್ತರು ಚೀಟಿ ತೆಗೆದರು. ಕಣ್ಣು ಮುಚ್ಚಿ ಆರಿಸಿದರೂ ಮೂರೋ ನಾಲ್ಕೋ ಸರಿಯಾಗುವ ಸಂಭವ ಎಪ್ಪತ್ತರಲ್ಲಿ ಹದಿನೇಳು. ಹತ್ತಿರ ಹತ್ತಿರ ನಾಲ್ಕು ಸಲಕ್ಕೆ ಒಮ್ಮೆ ಬರೀ ಅದೃಷ್ಟದಿಂದಲೇ ಇಷ್ಟು ಬರುತ್ತದೆ. "ಅಂದ್ರ ಸಿದ್ಧ ಆಗ್ಲಿಲ್ಲ" ಎಂದರು. ಮೂವತ್ತೆಂಟು ವರ್ಷ ಅವರಿಗೆ ಚಾ ಮಾಡಿಕೊಟ್ಟ ಹೆಂಗಸಿಗೆ! ವೈನಿ ಏನೂ ಅನ್ನಲಿಲ್ಲ. ನಾನು ನಕ್ಕೆ. ಅದು ನನ್ನ ಮೊದಲನೆಯ ತ‍ಪ್ಪು.

ಎರಡನೆಯದು ಅಂದೇ ಸಂಜೆ. ಬೀಗತಿ ಹೊರಡುವ ಮೊದಲು ಕೊನೆಯ ಸುತ್ತು, ಪ್ರತಿಯೊಬ್ಬರ ಮನೆಯ ಚಾಪುಡಿ, ಹೆಸರು ಮುಚ್ಚಿ. ಬರುವಾಗ ಎಲ್ಲರೂ ತಮ್ಮ ತಮ್ಮ ಪುಡಿಯನ್ನು ಪೊಟ್ಟಣ ಕಟ್ಟಿ ತಂದಿದ್ದರೆಂದು ಆಗ ತಿಳಿಯಿತು. ಒಬ್ಬರ ಮನೆಯ ಚಾ ಇನ್ನೊಬ್ಬರಿಗೆ ನಂಬಿಕೆ ಇರಲಿಲ್ಲ ಎಂದ ಹಾಗಾಯಿತು. ಮಾಸ್ತರು ಐದು ಕಪ್ಪಿನ ತಳಕ್ಕೆ ನಂಬರು ಬರೆದರು. ಒಂದು ಕಪ್ಪಿಗೆ ಏಲಕ್ಕಿಯ ಘಮವಿತ್ತು, ಚಿಗವ್ವ ಕೂಡಲೇ ಹಾವೇರಿ ಎಂದಳು. ಹಾವೇರಿಯಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಮಲೆನಾಡಿನಿಂದ ಬಂದ ಏಲಕ್ಕಿಯನ್ನು ಅಲ್ಲಿ ಅಂಟವಾಳದ ನೀರಿನಲ್ಲಿ ತೊಳೆದು ಬೆಳ್ಳಗೆ ಮಾಡುತ್ತಿದ್ದರು, ಈಗಲೂ ಅಲ್ಲಿಯ ಏಲಕ್ಕಿ ಹಾರ ಇಲ್ಲದೆ ಯಾವ ದೊಡ್ಡವರ ಸತ್ಕಾರವೂ ಆಗುವುದಿಲ್ಲ. ಮಾಸ್ತರ ನಿವೃತ್ತಿಗೂ ಒಂದು ಹಾರ ಹಾಕಿದ್ದರು. ಪಡಸಾಲೆಯಲ್ಲಿ ಫೋಟೋಕ್ಕೆ ತೂಗಿಬಿಟ್ಟಿದ್ದ ಆ ಹಾರದಿಂದ ವೈನಿ ಆರು ವರ್ಷದಿಂದ ಒಂದೊಂದೇ ಕಾಯಿ ಕಿತ್ತು ಚಾಕ್ಕೆ ಹಾಕುತ್ತ ಬಂದಿದ್ದಾರೆ. ಈಗ ಅಲ್ಲಿ ಉಳಿದಿರುವುದು ಜರಿ ಮತ್ತು ದಾರ. ಇದು ನನಗೆ ಗೊತ್ತು. ಆದ್ದರಿಂದ ಏಲಕ್ಕಿ ಕಪ್ಪೇ ವೈನಿಯದೆಂದು ಲೆಕ್ಕ ಹಾಕಿ ಅದಕ್ಕೆ ಧಾರಾಳವಾಗಿ ಒಂಬತ್ತು ಕೊಟ್ಟೆ.

ಐದನೆಯ ಕಪ್ಪು ಬಾಯಿಗಿಟ್ಟರೆ ಊದಿನಕಡ್ಡಿ. ಊದಿನಕಡ್ಡಿ, ಕರ್ಪೂರ, ಒಂದಿಷ್ಟು ಭಸ್ಮ. "ಇದ್ಯಾರ ಮನಿದವಾ! ಗುಡಿಯಾಗ ಕುಂತು ತೀರ್ಥ ಕುಡದಂಗಾತು" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಎರಡು ಮಾರ್ಕು ಹಾಕಿದೆ.

ಏಲಕ್ಕಿಯದು ಬೀಗತಿಯ ಪುಡಿ. ಐದನೆಯದು ವೈನಿಯದು. ಹೋದ ದೀಪಾವಳಿಗೆ ಅಡುಗೆಮನೆ ಸುಣ್ಣ ಹಚ್ಚಿದಾಗ ಚಾಪುಡಿ ಡಬ್ಬಿಯನ್ನು ದೇವರ ಜಗಲಿಯ ಗೂಡಿಗೆ ಇಟ್ಟವರು ಅಲ್ಲಿಂದ ತೆಗೆದೇ ಇರಲಿಲ್ಲ. ದಿನಾ ಅಲ್ಲ, ಏಲಕ್ಕಿ ಹಾಕಿ ಕುದಿಸುವುದರಿಂದ ಅಡಗಿ ಕೂತಿದ್ದ ವಾಸನೆ ಬರೀ ಪುಡಿಯಲ್ಲಿ ಎದ್ದು ಬಂದಿತ್ತು. ಹಾಗೆಂದು ಮಾಸ್ತರು ವಿವರಿಸುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ. ವೈನಿ ತಮ್ಮ ಕಪ್ಪುಗಳನ್ನು ಒಂದರ ಮೇಲೊಂದು ಜೋಡಿಸಿ ಕಿಂಡಿಯಾಚೆ ಹೋದರು.

ಎರಡು ದಿನ ನಾಲ್ಕೂವರೆಗೆ ಲೋಟ ಬರಲಿಲ್ಲ. ಮೊದಲನೆಯ ದಿನ ನಾನೇ ಚಾ ಮಾಡಿಕೊಂಡೆ. ಎರಡನೆಯ ದಿನ ಡಬ್ಬಿಯಿಂದ ಒಂದು ಪುದೀನಾ ತೆಗೆದು ನೆನೆಸಿ, ಕುಡಿಯದೆ ಗಿಡಕ್ಕೆ ಹೊಯ್ದೆ. ಅಣ್ಣನ ಮಗ ಫೋನು ಮಾಡಿ, "ಯಾವುದು ಫಸ್ಟ್ ಬಂತು ಅತ್ತೀ?" ಎಂದ. ಖಾರ ಎಂದು ಹೇಳಿ ಇಟ್ಟುಬಿಟ್ಟೆ.

ಮೂರನೆಯ ದಿನ ನಾಲ್ಕೂವರೆಗೆ ದಾಸವಾಳ ಸರಿದ ಸಪ್ಪಳವಾಯಿತು. ಅದೇ ಲೋಟ, ಅದೇ ಬಸಿ. ವೈನಿ ಎಂದಿನಂತೆ ಒಳಗೆ ಹೋಗದೆ ಅಲ್ಲೇ ತಂತಿ ಹಿಡಿದು ನಿಂತರು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಬಸಿ ತೆಗೆಯುವ ಮೊದಲೇ ಬಾಯಿಂದ ಬಂದುಬಿಟ್ಟಿತು:

"ಛಲೋ ಆಗೈತ್ರಿ ವೈನಿ."

"ಕುಡದ ಹೇಳ್ರಿ."

ಕುಡಿದೆ. ಅಲ್ಲ ಸರಿಯಾಗಿತ್ತು, ಊದಿನಕಡ್ಡಿ ಹೋಗಿತ್ತು, ಬಣ್ಣ ಖಡಕ್. ಸಕ್ಕರೆಯ ಬದಲು ಎರಡು ಚಮಚ ಉಪ್ಪು ಬಿದ್ದಿತ್ತು.

ನನ್ನ ಮುಖ ನೋಡಿ ವೈನಿ ಸೆರಗು ಬಾಯಿಗೊತ್ತಿಕೊಂಡರು. ಹೊಟ್ಟೆ ಹಿಡಿದು, ತಂತಿಗೆ ಆತು, ಅಲುಗಾಡಿ ಅಲುಗಾಡಿ ನಕ್ಕರು. ದಾಸವಾಳದ ಮೊಗ್ಗು ನಾಲ್ಕು ಉದುರಿದವು. ನನಗೂ ತಡೆಯಲಾಗಲಿಲ್ಲ. ಗದ್ದಲ ಕೇಳಿ ಮಾಸ್ತರು ಕನ್ನಡಕ ಏರಿಸುತ್ತ ಹೊರಗೆ ಬಂದರು, ನನ್ನ ಕೈಯಿಂದ ಲೋಟ ತಗೊಂಡು ಒಂದು ಗುಟುಕು ಸೊರ್ರ್ ಎಂದು ಎಳೆದರು. ಅತ್ತಿತ್ತ ಬಾಯಿ ಆಡಿಸಿ, ನುಂಗಿ, ಸ್ವಲ್ಪ ಹೊತ್ತು ಸುಮ್ಮನೆ ನಿಂತು,

"ಕಾಶ್ಮೀರದಾಗ ಉಪ್ಪಿನ ಚಾನೇ ಕುಡೀತಾರ. ನೂನ್ ಚಾಯ್ ಅಂತ. ಅದಕ್ಕ ಒಂದು ಚಿಟಿಕೆ ಸೋಡಾನೂ ಹಾಕ್ತಾರ, ಬಣ್ಣ ಗುಲಾಬಿ ಆಗ್ತದ" ಎಂದು ಚೀಟಿ ಹುಡುಕುತ್ತ ಜೇಬಿಗೆ ಕೈ ಹಾಕಿದರು.